ಮಕ್ಕಳನ್ನು ಬಿಟ್ಟು ಮನೆಗೆ ಹೋಗಬೇಡಿ: ಪುಣೆಯ ಹೋಂಸ್ಕೂಲ್ ಕೋ-ಆಪ್‌ಗೆ ಬರುವ ಹೊಸಬರಿಗೆ

ಪುಣೆಗೆ ಹೊಸದಾಗಿ ಬಂದ ನಮ್ಮವರು ಹೋಂಸ್ಕೂಲ್ ಕೋ-ಆಪ್ (ಮಕ್ಕಳನ್ನು ಶಾಲೆಗೆ ಕಳಿಸದ ಮನೆಯವರು ಸೇರಿ ತಾವೇ ಕಲಿಸುವ ಗುಂಪು) ಬಗ್ಗೆ ವಿಚಾರಿಸುವಾಗ ಎರಡು ಪ್ರಶ್ನೆ ಗ್ಯಾರಂಟಿ. ಫೀಸ್ ಎಷ್ಟು? ಸಿಲಬಸ್ ಯಾವುದು? ನಗು ಬಂದರೂ ತಡೆದುಕೊಳ್ಳುತ್ತೇನೆ. ಏಳು ವರ್ಷದ ಹಿಂದೆ ಕೋಥರೂಡಿನ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಿಂತು ನಾನೂ ಇದನ್ನೇ ಕೇಳಿದ್ದೆ. ಅಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬರು ಚಹಾ ಕೊಟ್ಟರು. ಉತ್ತರ ಮಾತ್ರ ಯಾರೂ ಕೊಡಲಿಲ್ಲ.

ಫೀಸ್ ಅಂದರೆ ನೀವೇ. ನಮ್ಮದು ಹನ್ನೊಂದು ಮನೆಗಳ ಗುಂಪು. ಮಂಗಳವಾರ, ಶುಕ್ರವಾರ ಸೇರುತ್ತೇವೆ. ಒಬ್ಬರು ಜೇಡಿಮಣ್ಣಿನ ಕೆಲಸ ಕಲಿಸುತ್ತಾರೆ, ಒಬ್ಬರು ತಬಲಾ, ಬ್ಯಾಂಕಿನಿಂದ ರಿಟೈರ್ ಆದ ಒಬ್ಬ ಅಜ್ಜ ಚೆಸ್. ಬಣ್ಣ, ಕಾಗದ, ಚಹಾಪುಡಿಗೆ ಅಂತ ತಿಂಗಳಿಗೊಮ್ಮೆ ದುಡ್ಡು ಒಟ್ಟು ಹಾಕುತ್ತೇವೆ, ಅಷ್ಟೇ. ಪಾಠ ಇಲ್ಲದ ವಾರ ನಿಮ್ಮ ಪಾಳಿಗೆ ಕಸ ಗುಡಿಸುವುದು ಬರುತ್ತದೆ, ಇಲ್ಲವೇ ತೀರಾ ಚಿಕ್ಕವರನ್ನು ನೋಡಿಕೊಳ್ಳುವುದು.

ನಾನು ಮೂರು ವಾರ ಮಗಳನ್ನು ಗೇಟಿನಲ್ಲಿ ಇಳಿಸಿ ಸ್ಕೂಟರ್ ತಿರುಗಿಸಿಕೊಂಡು ಮನೆಗೆ ಹೋದೆ. ಟ್ಯೂಷನ್‌ಗೆ ಬಿಟ್ಟ ಹಾಗೆ. ನಾಲ್ಕನೇ ವಾರ ಒಬ್ಬ ಪುಟ್ಟ ಹುಡುಗ "ತಾಯೀ, ತಾಯೀ" ಅಂತ ಹಿಂದೆ ಓಡಿ ಬಂದ. ಯಾರ ಮಗುವೋ ಏನೋ, ನನ್ನನ್ನು ತಾಯಿ ಅನ್ನುತ್ತಿದೆ! ಕರುಳು ಚುರುಕ್ ಅಂದಿತು. ಮರಾಠಿಯಲ್ಲಿ ಹಾಗಂದರೆ ಅಕ್ಕ ಅಂತ ಆಮೇಲೆ ಗೊತ್ತಾಯಿತು. ಅವನಿಗೆ ಬೇಕಾಗಿದ್ದದ್ದೂ ಮಮತೆ ಅಲ್ಲ. ಇವತ್ತು ಪೊರಕೆ ನಿಮ್ಮದು, ಎಲ್ಲಿಗೆ ಹೊರಟಿರಿ ಅಂತ ಕೇಳಲು ಬಂದಿದ್ದ. ಇಲ್ಲಿ ಕಲಿಸುವವರೆಲ್ಲ ತಾಯಿ, ದಾದಾ, ಕಾಕಾ, ಆಜೋಬಾ. ಮೇಡಂ ಅನ್ನಿಸಿಕೊಳ್ಳುವ ಆಸೆ ಇದ್ದರೆ ಊರಲ್ಲೇ ಬಿಟ್ಟು ಬನ್ನಿ.

ಸರಿ, ನಾನೂ ಏನಾದರೂ ಕಲಿಸಬೇಕಲ್ಲ. ಗಣಿತ ಅಂದೆ. ಗಣಿತ ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ, ಅಲ್ವಾ? ಬೋರ್ಡ್ ತಂದೆ. ವರ್ಕ್‌ಶೀಟ್ ಪ್ರಿಂಟ್ ಹಾಕಿಸಿದೆ. ವಾರದ ಕೊನೆಗೆ ಟೆಸ್ಟ್ ಇಟ್ಟೆ. ಶಾಲೆ ಬೇಡ ಅಂತ ಹೊರಗೆ ಬಂದ ಮಕ್ಕಳಿಗೆ ನಾನು ಪಾರ್ಕಿಂಗ್‌ನಲ್ಲೇ ಒಂದು ಶಾಲೆ ಕಟ್ಟಿದೆ. ಐದರಿಂದ ಹನ್ನೆರಡು ವರ್ಷದವರೆಲ್ಲ ಒಟ್ಟಿಗೆ ಕೂತಿದ್ದರು. ದೊಡ್ಡವರಿಗೆ ಬೇಜಾರು, ಚಿಕ್ಕವರಿಗೆ ಅಳು. ಎರಡನೇ ವಾರ ಮುಂದೆ ಉಳಿದದ್ದು ನನ್ನ ಮಗಳು, ಜ್ವರದಿಂದ ಎದ್ದು ಬಂದ ಒಬ್ಬಳು, ಜೊತೆಗೆ ಒಂದು ಬೆಕ್ಕು. ಅದೂ ಮಧ್ಯಾಹ್ನ ಎರಡು ಗಂಟೆಗೆ ಇಟ್ಟಿದ್ದೆ! ಒಂದರಿಂದ ನಾಲ್ಕು ಪುಣೆಯವರಿಗೆ ನಿದ್ದೆಯ ಹೊತ್ತು. ಹಳೇ ಪೇಠೆಗಳಲ್ಲಿ ಅಂಗಡಿಯವರೇ ಬಾಗಿಲು ಎಳೆದುಕೊಂಡು ಮಲಗುತ್ತಾರೆ. ಇದನ್ನು ನಾನು ಜೋಕ್ ಅಂದುಕೊಂಡಿದ್ದೆ, ಸೊಸೈಟಿಯ ಸೆಕ್ರೆಟರಿ ನಿದ್ದೆಗಣ್ಣಲ್ಲಿ ಇಳಿದು ಬರುವ ತನಕ. ನಿಮ್ಮ ಕ್ಲಾಸನ್ನು ಬೆಳಿಗ್ಗೆ ಹತ್ತಕ್ಕೆ ಇಟ್ಟುಕೊಳ್ಳಿ.

ಮರ್ಯಾದೆ ಉಳಿಸಿದ್ದು ರಂಗೋಲಿ. ಒಂದು ದಿನ ಸುಮ್ನೆ ಕೂತು ನೆಲದ ಮೇಲೆ ಸಂದುಚುಕ್ಕಿ ಇಡುತ್ತಿದ್ದೆ, 7ರಿಂದ 4. ನಡುವಿನ ಸಾಲಿನಲ್ಲಿ ಏಳು, ಮೇಲಕ್ಕೂ ಕೆಳಕ್ಕೂ ಒಂದೊಂದು ಕಡಿಮೆಯಾಗುತ್ತ ನಾಲ್ಕಕ್ಕೆ ನಿಲ್ಲುತ್ತದಲ್ಲ, ಅದು. ಒಟ್ಟು ಎಷ್ಟು ಚುಕ್ಕಿ ಅಂತ ಕೇಳಿದೆ. ಚಿಕ್ಕವರು ಬೆರಳಿಟ್ಟು ಎಣಿಸಿದರು. ಒಬ್ಬ ಸಾಲು ಸಾಲಾಗಿ ಕೂಡಿದ. ಒಂಬತ್ತು ವರ್ಷದವಳು ನಿಂತಲ್ಲೇ "ಮೇಲೆ 15, ಕೆಳಗೆ 15, ನಡುವೆ 7. 37!" ಅಂದಳು. ಹಾಗಾದರೆ 9ರಿಂದ 5 ಹಾಕಿದರೆ? 61. 11ರಿಂದ 6? ಊಟದ ಡಬ್ಬಿ ತೆರೆಯಲೂ ಯಾರೂ ಏಳಲಿಲ್ಲ. ಐದು ವರ್ಷದವರಿಗೆ ಎಣಿಕೆ, ಹನ್ನೆರಡು ವರ್ಷದವರಿಗೆ ಸೂತ್ರ, ಎಲ್ಲ ಒಂದೇ ನೆಲದ ಮೇಲೆ. ಅಮ್ಮ ದಿನಾ ಬೆಳಿಗ್ಗೆ ಮಾಡುತ್ತಿದ್ದ ಕೆಲಸ ಇದು. ಅದನ್ನು ಗಣಿತ ಅನ್ನಬಹುದು ಅಂತ ನನಗೆ ಹೊಳೆದಿರಲೇ ಇಲ್ಲ.

ಕಾಗದ ಪತ್ರದ ವಿಷಯ ಬೇಗ ಮುಗಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಅನ್ನುತ್ತದೆ, ಸೇರಿಸದ ಪಾಲಕರಿಗೆ ಶಿಕ್ಷೆ ಅಂತ ಅದರಲ್ಲಿ ಬರೆದಿಲ್ಲ. 14 ತುಂಬಿದ ಮೇಲೆ ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್‌ನಿಂದ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು. ಅಲ್ಲಿ ಕನ್ನಡವನ್ನೂ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಜನನ ಪ್ರಮಾಣಪತ್ರ, ಆಧಾರ್ ಎರಡರಲ್ಲೂ ಹೆಸರಿನ ಅಕ್ಷರ ಒಂದೇ ಥರ ಇರಲಿ.

ಕ್ಲಾಸ್ ಅಂದರೆ ಪಾರ್ಕಿಂಗ್ ಅಷ್ಟೇ ಅಲ್ಲ. ವಿಶ್ವವಿದ್ಯಾಲಯದ ಆವರಣದಲ್ಲಿರುವ ಖಗೋಳ ವಿಜ್ಞಾನ ಸಂಸ್ಥೆ ಐಯುಕಾಗೆ ಒಮ್ಮೆ ಹೋಗಿ. ಅಲ್ಲಿನ ಮಕ್ಕಳ ವಿಜ್ಞಾನ ಕೇಂದ್ರ ಮುಕ್ತಾಂಗಣ ವಿಜ್ಞಾನ ಶೋಧಿಕಾದಲ್ಲಿ ಅರವಿಂದ ಗುಪ್ತಾ ವರ್ಷಗಟ್ಟಲೆ ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸಿದರು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನ ತುಂಡು ಇದ್ದರೆ ಒಂದು ಬೆಳಗಿನ ಕ್ಲಾಸ್ ಆಗಿಹೋಗುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ರಾಜಾ ದಿನಕರ ಕೇಳಕರ್ ಮ್ಯೂಸಿಯಂ. ದಿನಕರ ಕೇಳಕರ್ ಅವರು ಚಿಕ್ಕಂದಿನಲ್ಲೇ ತೀರಿಕೊಂಡ ಮಗ ರಾಜಾನ ನೆನಪಿಗೆ ಕಟ್ಟಿದ್ದು. ದೀಪ, ಪಾತ್ರೆ, ಬಾಗಿಲು, ಎಲ್ಲ ಮನೆಯ ಸಾಮಾನೇ. ಅಲ್ಲಿ ಅಡಕತ್ತರಿಗಳ ಮುಂದೆ ನಾನು ನಿಂತುಬಿಟ್ಟೆ. ಮರಾಠಿಯಲ್ಲಿ ಅಡಕಿತ್ತಾ. ನಮ್ಮ ಅಡಕೆ ಆ ಪದದೊಳಗೇ ಕೂತಿದೆ ನೋಡಿ. ನಾನು ಸಾಗರದ ಕಡೆಯವಳು. ಅಡಕೆ ಕೊನೆ ಇಳಿಸುವುದು, ಸುಲಿಯುವುದು, ಚೊಗರಿನ ಕೆಂಪು ನೀರಿನಲ್ಲಿ ಬೇಯಿಸುವುದು, ಅಂಗಳದಲ್ಲಿ ಒಣಗಿಸುವುದು ಎಲ್ಲವನ್ನೂ ಮಕ್ಕಳಿಗೆ ಅಲ್ಲೇ ಹೇಳುತ್ತ ಹೋದೆ, ಅರ್ಧ ಮರಾಠಿ, ಅರ್ಧ ಕೈಸನ್ನೆ. ಮಗಳು ನನ್ನನ್ನು ಹೊಸದಾಗಿ ನೋಡುವ ಹಾಗೆ ನೋಡಿದಳು. ಮನೆಯಲ್ಲಿ ಇದನ್ನು ಒಮ್ಮೆಯೂ ಹೇಳಿರಲಿಲ್ಲ.

ಮರಾಠಿ ಕಲಿಯಿರಿ. ನಾನು ಎರಡು ವರ್ಷ ಹಿಂದಿಯಲ್ಲೇ ದೂಡಿದೆ, ಹಾಗಾಗಿ ಎರಡು ವರ್ಷ ಹೊರಗಿನವಳಾಗಿಯೇ ಉಳಿದೆ. ನಮಗೆ ಒಂದು ಅನುಕೂಲ ಇದೆ. ಹಿಂದಿಯವರ ನಾಲಿಗೆಗೆ ಸಿಗದ ಳ ನಮಗೆ ಹುಟ್ಟಿನಿಂದ ಬಂದದ್ದು. 'ಕೇಳೇ' ಅಂತ ಸರಿಯಾಗಿ ಹೇಳಿದರೆ ಬಾಳೆಹಣ್ಣಿನವಳು ಒಂದು ಹಣ್ಣು ಜಾಸ್ತಿ ಹಾಕುತ್ತಾಳೆ.

ಈಗ ದೊಡ್ಡ ತಪ್ಪು. ಕನ್ನಡ ಕಲಿಸುತ್ತೇನೆ ಅಂತ ನಾನು ಐದು ವರ್ಷ ಬಾಯಿ ಬಿಡಲಿಲ್ಲ. ಇಲ್ಲಿ ಯಾರಿಗೆ ಬೇಕು ಕನ್ನಡ ಅಂದುಕೊಂಡೆ. ಬೇಡ ಅಂತ ಯಾರೂ ಅಂದಿರಲಿಲ್ಲ. ಪುಣೆಯಲ್ಲಿ ಕನ್ನಡ ಸಂಘ ಇದೆ, ಅದರ ಶಾಲೆಗಳಿವೆ. ನಾನು ಹಬ್ಬದ ಊಟಕ್ಕೆ ಹೋಗಿ ಕೈ ತೊಳೆದುಕೊಂಡು ಬಂದವಳು. ಮನೆಯಲ್ಲಿ ಕನ್ನಡ ಹೇಗೂ ಬರುತ್ತದೆ ಅಂತ ಧೈರ್ಯ. ಬಂತು, 'ಊಟಕ್ಕೆ ಬಾ', 'ಬೇಗ ಮಲಗು' ಅಷ್ಟಕ್ಕೆ ಬಂತು.

ವೇತಾಳ ಟೇಕಡಿ ಅನ್ನುವ ಗುಡ್ಡದಲ್ಲಿ ಚೆಸ್ ಅಜ್ಜನೇ ಮಕ್ಕಳಿಗೆ ಗಿಡ ಮರ ತೋರಿಸುತ್ತಾರೆ. ಮಗಳಿಗೆ ಪಳಸ, ಪಾಂಗಾರಾ, ಬಹಾವಾ ಎಲ್ಲ ದೂರದಿಂದಲೇ ಗೊತ್ತು. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಊರಿಗೆ ಹೋದಾಗ ತೋಟದ ಅಂಚಿನಲ್ಲಿ ಕಕ್ಕೆ ಮರ ಹಳದಿ ಗೊಂಚಲು ಬಿಟ್ಟುಕೊಂಡು ನಿಂತಿತ್ತು. ಇವಳು ಓಡಿ ಬಂದು, "ಅಜ್ಜೀ, ನಿಮ್ಮ ಮನೆಯಲ್ಲೂ ಬಹಾವಾ ಇದೆ!" ಅಂದಳು. ಅಮ್ಮ ಸೆರಗು ಸರಿ ಮಾಡಿಕೊಂಡು ಬಾಗಿಲ ಕಡೆ ನೋಡಿದರು. "ಯಾವ ಭಾವನೇ ಬಂದದ್ದು? ಒಳಗೆ ಕರಿಯೇ, ಬಿಸಿಲಲ್ಲಿ ನಿಲ್ಲಿಸಬೇಡ."

ಎಲ್ಲರೂ ನಕ್ಕೆವು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ. ಮಗಳಿಗೆ ಮರ ಗೊತ್ತು, ಅಮ್ಮನಿಗೂ ಮರ ಗೊತ್ತು. ನಡುವೆ ನಾನೊಬ್ಬಳು ಒಂದು ಪದ ದಾಟಿಸಬೇಕಿತ್ತು.

ಬಂದ ಮೇಲೆ ಶುಕ್ರವಾರಕ್ಕೆ ಕನ್ನಡ ಕ್ಲಾಸ್ ಹಾಕಿದೆ. ಆರು ಮಕ್ಕಳು ಬಂದರು, ನಾಲ್ವರು ಮರಾಠಿ ಮನೆಯವರು. ಬೋರ್ಡ್ ಇಲ್ಲ. ಗಿಡದ ಹೆಸರು, ಒಗಟು, ಅಕ್ಷರವನ್ನು ರಂಗೋಲಿ ಪುಡಿಯಲ್ಲಿ ಬರೆಯುವುದು. ನಿಮ್ಮ ಮಕ್ಕಳನ್ನು ನಾಲ್ಕೈದು ವರ್ಷಕ್ಕೇ ಕರೆತನ್ನಿ. ನನ್ನವಳಿಗೆ ಆಗಲೇ ಹತ್ತಾಗಿತ್ತು. ಚಿಕ್ಕವರ ಜೊತೆ ಅ ಆ ಇ ಈ ಬರೆಯಲು ನಾಚಿಕೆ. ನಾನು ಬರಲ್ಲ ಅಂದುಬಿಟ್ಟಳು. ಈಗ ಹನ್ನೆರಡು. ಶುಕ್ರವಾರ ಕಂಬದ ಹಿಂದೆ ಕೂತು ಏನೋ ಚಿತ್ರ ಬರೆಯುವ ಹಾಗೆ ಮಾಡುತ್ತಾಳೆ. ಇಲ್ಲಿ ಯಾರಾದರೂ 'ಮ'ಕ್ಕೆ 'ವ' ಓದಿದರೆ ಮಾತ್ರ ಅಲ್ಲಿಂದಲೇ ಕೂಗಿ ತಿದ್ದುತ್ತಾಳೆ. ನಾನು ಆ ಕಡೆ ತಿರುಗಿ ನೋಡುವುದಿಲ್ಲ.