ಕ್ಲಚ್‌ನ ಗಾಳಿ ಕೆಳಗಿರಲಿಲ್ಲ, ಮೇಲೆಯೇ ಇತ್ತು

ನನ್ನ ಬೈಕಿನ ಹೈಡ್ರಾಲಿಕ್ ಕ್ಲಚ್ (ಕೇಬಲ್ ಬದಲು ಫ್ಲೂಯಿಡ್ ಒತ್ತಡದಿಂದ ಕೆಲಸ ಮಾಡುವಂಥದ್ದು) ಮೆತ್ತಗಾಗಿದ್ದು ಹೋಗಿ ಮತ್ತೆ ಸರಿಯಾಗಿ ಗಟ್ಟಿಯಾಗಿದೆ. ಸರಿಮಾಡಿ ಹೆಚ್ಚುಕಡಿಮೆ 4,000 ಕಿಲೋಮೀಟರ್ ಓಡಿಸಿದ್ದೇನೆ, ಲಿವರ್ ಮೊದಲ ದಿನ ಎಲ್ಲಿ ಹಿಡಿಯುತ್ತಿತ್ತೋ ಇವತ್ತೂ ಅಲ್ಲೇ ಹಿಡಿಯುತ್ತಿದೆ. "ಮಾಸ್ಟರ್ ಹೋಗಿದೆ, ಇಡೀ ಸೆಟ್ ಬದಲಾಯಿಸದೆ ಆಗಲ್ಲ" ಅಂತ ಇಬ್ಬರು ಮೆಕ್ಯಾನಿಕ್‌ಗಳು ಹೇಳಿದ್ದರು. ಬೈಕ್ ಹುಚ್ಚಿನ ಮೂವರು ಗೆಳೆಯರೂ ಅದಕ್ಕೆ ಹೂಂ ಅಂದಿದ್ದರು. ಆ ಮಾಸ್ಟರ್ ಸಿಲಿಂಡರ್, ಅಂದರೆ ಲಿವರ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಭಾಗ, ಇನ್ನೂ ಹ್ಯಾಂಡಲ್ ಮೇಲೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲಕ್ಷಣ ನಿಮಗೆಲ್ಲ ಗೊತ್ತಿರುವಂಥದ್ದೇ. ಸಿಗ್ನಲ್‌ನಲ್ಲಿ ನಿಂತರೆ ನ್ಯೂಟ್ರಲ್ ಸಿಗುತ್ತಿರಲಿಲ್ಲ. ಲಿವರ್ ಪೂರ್ತಿ ಹಿಡಿದು ಮೊದಲ ಗೇರ್ ಹಾಕಿದರೂ ಟಕ್ ಅಂತ ಹೊಡೆದು ಬೈಕ್ ಮುಂದಕ್ಕೆ ಜಿಗಿಯುತ್ತಿತ್ತು. ನಾಲ್ಕೈದು ಸಲ ಪಂಪ್ ಮಾಡಿದರೆ ಸರಿ, ಒಂದು ನಿಮಿಷ ಬಿಟ್ಟರೆ ಮತ್ತೆ ಮೆತ್ತಗೆ. ಪಂಪ್ ಮಾಡಿದಾಗ ಸರಿಹೋದರೆ ಅದು ಹೆಚ್ಚಾಗಿ ಫ್ಲೂಯಿಡ್ ಒಳಗೆ ಸೇರಿದ ಗಾಳಿಯೇ. ಅಷ್ಟು ಗೊತ್ತಿದ್ದೂ ಆ ಗಾಳಿಯನ್ನು ಹೊರಗೆ ಹಾಕಲು ನನಗೆ ಸುಮಾರು ಏಳು ವಾರ ಹಿಡಿಯಿತು.

ಮೊದಲ ಭಾನುವಾರ ಎಲ್ಲರೂ ಮಾಡುವ ಹಾಗೇ ಮಾಡಿದೆ. ಲಿವರ್ ಒತ್ತು, ಕೆಳಗೆ ಗಾಳಿ ಹೊರಬಿಡುವ ನಿಪ್ಪಲ್ ಬಿಚ್ಚು, ಮುಚ್ಚು, ಲಿವರ್ ಬಿಡು. ಹಳೆಯ ಫ್ಲೂಯಿಡ್ ಇದ್ದಿಲು ನೀರಿನ ಹಾಗೆ ಬಂತು. ಕೆಳಗೆ ಕ್ಲಚ್ ರಾಡ್ ತಳ್ಳುವ ಸ್ಲೇವ್ ಸಿಲಿಂಡರ್ ಇಂಜಿನ್ ಬಿಸಿಗೆ ಅಂಟಿಕೊಂಡೇ ಇರುತ್ತದೆ, ಪಕ್ಕದಲ್ಲೇ ಚೈನ್ ಕೊಳೆ ಬೇರೆ, ಹಾಗಾಗಿ ಆ ಬಣ್ಣ ನೋಡಿ ಆಶ್ಚರ್ಯವಾಗಲಿಲ್ಲ. ಇಡೀ ಸಿಸ್ಟಮ್ ಹಿಡಿಯುವುದು 50 ಮಿಲಿಯಷ್ಟು ಇರಬಹುದು. ನಾನು ಆ ದಿನ ಖರ್ಚು ಮಾಡಿದ್ದು ಅರ್ಧ ಲೀಟರ್ ಡಾಟ್ 4 (ಬ್ರೇಕ್, ಕ್ಲಚ್‌ಗೆ ಹಾಕುವ ಫ್ಲೂಯಿಡ್). ಕೊನೆಗೆ ಬರುತ್ತಿದ್ದುದು ತಿಳಿಯಾಗಿತ್ತು, ಒಂದು ಗುಳ್ಳೆಯೂ ಇರಲಿಲ್ಲ. ಲಿವರ್ ಮಾತ್ರ ಹಾಗೇ ಮೆತ್ತಗೆ.

ಆಮೇಲೆ ವ್ಯಾಕ್ಯೂಮ್ ಪಂಪ್ ಕೊಂಡೆ. ಆ ದುಡ್ಡಿಗೆ ಮೂರು ವರ್ಷಕ್ಕಾಗುವಷ್ಟು ಫ್ಲೂಯಿಡ್ ಬರುತ್ತಿತ್ತು. ಪಂಪ್ ಹಾಕಿದ ಕೂಡಲೇ ಟ್ಯೂಬ್ ತುಂಬಾ ಗುಳ್ಳೆ. ಅಬ್ಬಾ, ಸಿಕ್ಕಿತು ಅಂದುಕೊಂಡೆ. ಎರಡು ಗಂಟೆ ಎಳೆದರೂ ಗುಳ್ಳೆ ನಿಲ್ಲಲಿಲ್ಲ. ಹೋಸ್ ಸೋರುತ್ತಿದೆ ಅಂತ ಅದರ ಎರಡೂ ತುದಿ ಬಿಗಿಯುವ ಬ್ಯಾಂಜೊ ಬೋಲ್ಟ್‌ಗಳ ತಾಮ್ರದ ವಾಷರ್ ನಾಲ್ಕನ್ನೂ ಬದಲಾಯಿಸಿದೆ. ಆಗಲೂ ಗುಳ್ಳೆ. ಇನ್ನೊಂದು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಪಂಪ್ ಎಳೆಯುತ್ತಿದ್ದುದು ನಿಪ್ಪಲ್‌ನ ಮರೆಯ (ಥ್ರೆಡ್‌ನ) ಸಂದಿಯಿಂದ ನುಸುಳುವ ಹೊರಗಿನ ಗಾಳಿ! ನಿಪ್ಪಲ್ ಬಿಚ್ಚಿ, ಮರೆಗೆ ಟೆಫ್ಲಾನ್ ಟೇಪ್ ಸುತ್ತಿದೆ, ಗುಳ್ಳೆ ನಿಂತುಹೋಯಿತು. ಟೇಪ್ ತುದಿಯ ತೂತಿಗೆ ಬರಬಾರದು, ಮರೆಗೆ ಮಾತ್ರ. ಎರಡು ಭಾನುವಾರ ಸುಳ್ಳು ಗುಳ್ಳೆಗಳ ಹಿಂದೆ ಹೋದವು.

ಅದರ ನಡುವೆ ಒಂದು ಹನಿ ಫ್ಲೂಯಿಡ್ ಪೆಟ್ರೋಲ್ ಟ್ಯಾಂಕ್ ಮೇಲೆ ಬಿದ್ದಿತ್ತು. ನಾನು ಬಟ್ಟೆಯಿಂದ ಉಜ್ಜಿದೆ. ಬಟ್ಟೆ ಜೊತೆ ಬಣ್ಣವೂ ಎದ್ದು ಬಂತು, ಹೆಬ್ಬೆರಳ ಉಗುರಿನಷ್ಟು ಜಾಗ. ಡಾಟ್ 4 ಬಿದ್ದರೆ ಉಜ್ಜಬೇಡಿ, ತಕ್ಷಣ ನೀರು ಸುರಿಯಿರಿ. ಈಗ ಕೆಲಸ ಶುರು ಮಾಡುವ ಮೊದಲೇ ಟ್ಯಾಂಕ್ ಮೇಲೆ ಒದ್ದೆ ಟವೆಲ್ ಹೊದಿಸಿ, ಪಕ್ಕದಲ್ಲಿ ಒಂದು ಬಾಟಲಿ ನೀರು ಇಟ್ಟುಕೊಳ್ಳುತ್ತೇನೆ.

ಮೂರನೇ ಖರ್ಚು ಮಾಸ್ಟರ್‌ನ ಸೀಲ್ ಕಿಟ್. ಇಡೀ ಮಾಸ್ಟರ್‌ನ ಬೆಲೆಯಲ್ಲಿ ಆರನೇ ಒಂದು ಭಾಗ ಇದ್ದಿರಬೇಕು. ಹಾಕಿದೆ, ಏನೂ ಬದಲಾಗಲಿಲ್ಲ. ಹಳೆಯ ಸೀಲ್ ಬೆಳಕಿಗೆ ಹಿಡಿದು ನೋಡಿದರೆ ಅಂಚು ಹೊಸದರ ಹಾಗೇ ಚೂಪಾಗಿತ್ತು. ಕೊಳ್ಳುವ ಮೊದಲೇ ಲಿವರ್ ಒತ್ತಿ ಒಂದು ನಿಮಿಷ ಹಿಡಿದು ನೋಡಿದ್ದರೆ ಸಾಕಿತ್ತು. ಸೀಲ್ ಹೋಗಿದ್ದರೆ ಲಿವರ್ ಬೆರಳ ಕೆಳಗೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ನನ್ನದು ಇಳಿಯುತ್ತಿರಲಿಲ್ಲ. ಮೆತ್ತಗಿತ್ತು, ಆದರೆ ನಿಂತಲ್ಲೇ ನಿಂತಿತ್ತು.

ಆಗ ತಾಳ್ಮೆ ತಂದುಕೊಂಡು ಒಂದು ಪ್ರಯೋಗ ಮಾಡಿದೆ. ಹೋಸ್ ತೆಗೆದು, ಅದರ ಜಾಗದಲ್ಲಿ ಹೆಚ್ಚುಕಡಿಮೆ ಅಷ್ಟೇ ಸಪೂರದ ಒಂದು ಮೀಟರ್ ಪಾರದರ್ಶಕ ಟ್ಯೂಬ್ ಕಟ್ಟಿದೆ. ಇನ್ನೊಂದು ತುದಿ ಬಾಟಲಿಯಲ್ಲಿ. ಬೇಕಂತಲೇ ಒಂದು ಗುಳ್ಳೆ ಬಿಟ್ಟು, ಲಿವರ್ ಒತ್ತಿ, ಟ್ಯೂಬ್ ಚಿವುಟಿ ಹಿಡಿದು, ಲಿವರ್ ಬಿಟ್ಟೆ. ಒಂದು ಒತ್ತಿಗೆ ಗುಳ್ಳೆ 15ರಿಂದ 20 ಸೆಂಟಿಮೀಟರ್ ಕೆಳಗೆ ಹೋಯಿತು. ಆರು ಏಳು ಒತ್ತಿಗೆ ಬಾಟಲಿ ಸೇರಿತು. ಇಷ್ಟು ಸಪೂರದ ಕೊಳವೆಯಲ್ಲಿ ಗಾಳಿ ನಿಲ್ಲುವುದೇ ಇಲ್ಲ, ಫ್ಲೂಯಿಡ್ ಅದನ್ನು ತಳ್ಳಿಕೊಂಡೇ ಹೋಗುತ್ತದೆ. ಅರ್ಧ ಲೀಟರ್ ಹರಿಸಿದ ಹೋಸ್‌ನಲ್ಲಿ ಗಾಳಿ ಉಳಿದಿರಲು ಸಾಧ್ಯವೇ ಇರಲಿಲ್ಲ.

ಹಾಗಾದರೆ ಎಲ್ಲಿ? ಟ್ಯೂಬ್ ಬಿಚ್ಚಿ, ಮಾಸ್ಟರ್‌ನ ಬಾಯಿಗೆ ಅದೇ ಮರೆಯ ಗಿಡ್ಡ ಬೋಲ್ಟ್ ಒಂದನ್ನು ವಾಷರ್ ಹಾಕಿ ಬಿಗಿದೆ. ಹೋಸೂ ಇಲ್ಲ, ಸ್ಲೇವೂ ಇಲ್ಲ. ಮಾಸ್ಟರ್ ಸರಿಯಿದ್ದರೆ ಲಿವರ್ ಸ್ವಲ್ಪ ಒಳಗೆ ಹೋಗಿ ಕಲ್ಲಿನ ಹಾಗೆ ನಿಲ್ಲಬೇಕು. ನಿಲ್ಲಲಿಲ್ಲ, ಇಲ್ಲೂ ಮೆತ್ತಗೆ! ಸೀಲ್ ಹೊಸದು, ಸೋರಿಕೆ ಇಲ್ಲ. ಉಳಿದದ್ದು ಒಂದೇ, ಗಾಳಿ ಮಾಸ್ಟರ್ ಒಳಗೇ ಕೂತಿದೆ. ಆ ದಿನ ನನಗಾದ ಖುಷಿ ಹೇಳತೀರದು.

ಬೈಕನ್ನು ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಒಮ್ಮೆ ಮಾಸ್ಟರ್ ಕಡೆ ನೋಡಿ. ಬೈಕ್ ಎಡಕ್ಕೆ ವಾಲಿರುತ್ತದೆ. ಹಿಡಿಯ ತುದಿ ಕೆಳಗೆ, ಬ್ಯಾಂಜೊ ಇರುವ ಒಳತುದಿ ಮೇಲೆ. ಗಾಳಿ ಹೋಗಿ ಕೂರುವುದು ಬ್ಯಾಂಜೊ ಬುಡದ ಆ ಅಗಲದ ಜಾಗದಲ್ಲೇ. ಮೇಲಿನ ಫ್ಲೂಯಿಡ್ ಡಬ್ಬಿಗೆ ಹೋಗುವ ಸೂಜಿಮೊನೆಯ ತೂತು ಇರುವುದು ಅಲ್ಲಿಂದ ಈಚೆಗೆ, ಪಿಸ್ಟನ್ ಕಡೆ, ತಗ್ಗಿನಲ್ಲಿ. ನಾವು ಎಷ್ಟೇ ಹರಿಸಿದರೂ ಫ್ಲೂಯಿಡ್ ಗುಳ್ಳೆಯ ಕೆಳಗಿನಿಂದ ಜಾರಿಕೊಂಡು ಹೋಗುತ್ತದೆ. ಗುಳ್ಳೆ ಅಲ್ಲಾಡುವುದಿಲ್ಲ.

ನಾನು ಮಾಡಿದ್ದು ಇಷ್ಟು. ಹೋಸ್ ವಾಪಸ್ ಹಾಕಿ, ಸ್ಲೇವ್ ಬಿಚ್ಚಿ, ನಿಪ್ಪಲ್ ಮೇಲೆ ಬರುವ ಹಾಗೆ ಹಿಡಿದು, ಕೆಳಗಿನಿಂದ ಸಿರಿಂಜ್‌ನಲ್ಲಿ ಫ್ಲೂಯಿಡ್ ಮೇಲಕ್ಕೆ ತಳ್ಳಿದೆ. ನಿಪ್ಪಲ್ ಮುಚ್ಚಿ, ಸ್ಲೇವ್‌ನ ಪಿಸ್ಟನ್ ಅನ್ನು ಹೆಬ್ಬೆರಳಿನಿಂದ ನಿಧಾನಕ್ಕೆ ಒಳಗೆ ಒತ್ತಿದೆ, ಮೇಲಿನ ಡಬ್ಬಿಯಲ್ಲಿ ದೊಡ್ಡ ಗುಳ್ಳೆ ಎರಡು ಬಂದವು. ಸ್ಲೇವ್ ಕೈಯಲ್ಲಿದ್ದಾಗ ಯಾರೂ ಲಿವರ್ ಮುಟ್ಟಬಾರದು, ಪಿಸ್ಟನ್ ಹಾರಿಹೋಗುತ್ತದೆ. ಇಷ್ಟಕ್ಕೆ ಅರ್ಧ ಸರಿಯಾಯಿತು. ಉಳಿದರ್ಧ ಮೇಲಿನ ಕೆಲಸ. ಸ್ಲೇವ್ ಜಾಗಕ್ಕೆ ಹಾಕಿ, ಬೈಕನ್ನು ಬಲಕ್ಕೆ ವಾಲಿಸಿ ಗೋಡೆಗೆ ಆನಿಸಿದೆ. ಹ್ಯಾಂಡಲ್ ಪೂರ್ತಿ ಬಲಕ್ಕೆ. ಮಾಸ್ಟರ್‌ನ ಕ್ಲ್ಯಾಂಪ್ ಸಡಿಲಿಸಿ ಲಿವರ್ ಕಡೆಯ ತುದಿ ಇನ್ನೂ ಸ್ವಲ್ಪ ಎತ್ತಿದೆ. ಆಮೇಲೆ ಲಿವರ್ ಅನ್ನು ಮೊದಲ ಮೂರ್ನಾಲ್ಕು ಮಿಲಿಮೀಟರ್ ಮಾತ್ರ ಬೆರಳ ತುದಿಯಿಂದ ತಟ್ಟುತ್ತಾ ಹೋದೆ. ಅದಕ್ಕಿಂತ ಒಳಗೆ ಹೋದರೆ ಪಿಸ್ಟನ್ ಆ ತೂತನ್ನು ಮುಚ್ಚಿಬಿಡುತ್ತದೆ.

ಮೊದಲ ಎರಡು ನಿಮಿಷ ಏನೂ ಇಲ್ಲ. ಆಮೇಲೆ ಗುಂಡುಸೂಜಿ ತಲೆಯಷ್ಟು ಒಂದು ಗುಳ್ಳೆ. ಹಿಂದೆಯೇ ಇನ್ನೊಂದು. ಮತ್ತೆ ಸಾಲಾಗಿ ಹದಿನೈದಿಪ್ಪತ್ತು. ಮಾಸ್ಟರ್‌ನ ಬಾಡಿಯನ್ನು ಸ್ಪ್ಯಾನರ್‌ನ ಹಿಡಿಯಿಂದ ಮೆಲ್ಲಗೆ ಕುಟ್ಟಿದಾಗ ಕೊನೆಯದಾಗಿ ಕಡಲೆ ಗಾತ್ರದ್ದು ಒಂದು ಎದ್ದು ಬಂತು. ಮರುಕ್ಷಣವೇ ಲಿವರ್ ಬದಲಾಗಿದ್ದು ಬೆರಳಿಗೇ ಗೊತ್ತಾಯಿತು. ಕ್ಲಚ್ ರಾಡ್ ಎಷ್ಟು ಸರಿಯುತ್ತದೆ ಅಂತ ಮೊದಲು ವರ್ನಿಯರ್‌ನಲ್ಲಿ ಅಳೆದಿದ್ದೆ, 1.2 ಮಿಲಿಮೀಟರ್ ಆಸುಪಾಸು ಇತ್ತು. ಈಗ 2ರ ಹತ್ತಿರ ಬಂದಿದೆ.

ಲಿವರ್ ಒತ್ತಿ ಕಟ್ಟಿ ರಾತ್ರಿಯಿಡೀ ಬಿಡುವ ಹಳೆಯ ಉಪಾಯವನ್ನೂ ಪರೀಕ್ಷಿಸಿದೆ. ಸೈಡ್ ಸ್ಟ್ಯಾಂಡ್‌ನಲ್ಲಿ ಕಟ್ಟಿಟ್ಟಾಗ ಬೆಳಿಗ್ಗೆ ಅಷ್ಟೇನೂ ವ್ಯತ್ಯಾಸ ಇರಲಿಲ್ಲ. ಬಲಕ್ಕೆ ವಾಲಿಸಿ ಕಟ್ಟಿದಾಗ ಚೆನ್ನಾಗಿ ಕೆಲಸ ಮಾಡಿತು. ಡಾಟ್ 5.1 ಹಾಕಿಯೂ ನೋಡಿದೆ. ಹೊಸದಿದ್ದಾಗ ಅದರ ಕುದಿಬಿಂದು ಕನಿಷ್ಠ 260 ಡಿಗ್ರಿ, ಡಾಟ್ 4ರದ್ದು ಕನಿಷ್ಠ 230. ಕ್ಲಚ್‌ನಲ್ಲಿ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ, ದುಡ್ಡು ಮಾತ್ರ ಜಾಸ್ತಿ ಹೋಯಿತು. ಸಾದಾ ಸಿರಿಂಜ್‌ನ ರಬ್ಬರ್ ಈ ಫ್ಲೂಯಿಡ್‌ಗೆ ಎರಡು ಮೂರು ಸಲಕ್ಕೇ ಉಬ್ಬಿ ಹಿಡಿದುಕೊಳ್ಳುತ್ತದೆ. ನನ್ನದು ಈಗ ಹತ್ತು ಸಲ ದಾಟಿದೆ. ಅದಕ್ಕೆ ಏನು ಮಾಡುತ್ತೇನೆ, ಬೈಕನ್ನು ಎಷ್ಟು ವಾಲಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನೀವೇ ನಾಲ್ಕು ಸಲ ಮಾಡಿದರೆ ಕೈಗೆ ಸಿಗುತ್ತದೆ.

ಈಗ ಇದೆಲ್ಲ ನನಗೆ ನಲವತ್ತು ನಿಮಿಷದ ಕೆಲಸ. ಹೂಂ ಅಂದಿದ್ದ ಮೂವರಲ್ಲಿ ಇಬ್ಬರ ಬೈಕನ್ನೂ ಮಾಡಿಕೊಟ್ಟಿದ್ದೇನೆ. ಒಬ್ಬನದು ನನ್ನ ಬೈಕಿನದ್ದೇ ಕಥೆ, ಒಂದೇ ಸಂಜೆಗೆ ಸರಿಹೋಯಿತು. ಇನ್ನೊಬ್ಬನದು ತಿರುಗಾಮುರುಗಾ. ಬಿಸಿಯಾದಾಗ ಲಿವರ್ ಬಿಗಿಯಾಗಿ ಕ್ಲಚ್ ಜಾರುತ್ತಿತ್ತು. ಅವನ ಮಾಸ್ಟರ್‌ನಲ್ಲಿ ಆ ಸಣ್ಣ ತೂತೇ ಕಟ್ಟಿಕೊಂಡಿತ್ತು, ಬಿಸಿಗೆ ಹಿಗ್ಗಿದ ಫ್ಲೂಯಿಡ್‌ಗೆ ವಾಪಸ್ ಹೋಗಲು ದಾರಿ ಇರಲಿಲ್ಲ. ವೈರಿನ ಒಂದೇ ಎಳೆ ತೂರಿಸಿ ಬಿಡಿಸಿದೆ. ಅವನು ಹೊಸ ಕ್ಲಚ್ ಪ್ಲೇಟ್‌ಗಳಿಗೆ ಆಗಲೇ ಮುಂಗಡ ಕೊಟ್ಟಿದ್ದ, ಮರುದಿನವೇ ಹೋಗಿ ವಾಪಸ್ ತಂದ.