ಲಿವರ್ ಎಂಆರ್‌ಐ: ಡೈ ಕೊಡೋದಕ್ಕಿಂತ ಉಸಿರು ಹಿಡಿಸೋದೇ ದೊಡ್ಡ ಕೆಲಸ

ನಾನು ಎಂಆರ್‌ಐ ಟೆಕ್ನಿಷಿಯನ್. ಲಿವರ್ ಗಡ್ಡೆ ನೋಡಲು ರಕ್ತನಾಳಕ್ಕೆ ಡೈ (ಚಿತ್ರ ಸ್ಪಷ್ಟವಾಗಿಸುವ ದ್ರವ) ಕೊಟ್ಟು ಮಾಡುವ ಸ್ಕ್ಯಾನ್ ಬಂದರೆ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ನೋಡಿ, ಕೈಗೆ ಕ್ಯಾನುಲಾ (ಡೈ ಹೋಗುವ ಸಣ್ಣ ನಳಿಕೆ) ಹಾಕಿಸಿ, ಆಮೇಲೆ ಕೂರಿಸಿಕೊಂಡು ಉಸಿರಿನ ತಾಲೀಮು ಮಾಡಿಸುತ್ತೇನೆ. ಇದಕ್ಕೆ ಸಮಯ ಹೋದರೂ ಪರವಾಗಿಲ್ಲ.

ಯಾಕೆ ಅಂದರೆ, ಲಿವರ್‌ಗೆ ರಕ್ತ ಎರಡು ದಾರಿಯಲ್ಲಿ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ವೇನ್ ಅನ್ನೋ ರಕ್ತನಾಳದಲ್ಲಿ, ಉಳಿದದ್ದು ಹೃದಯದ ಕಡೆಯಿಂದ ಬರುವ ಆರ್ಟರಿಯಲ್ಲಿ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಗಡ್ಡೆ ಹೆಚ್ಚಾಗಿ ಆರ್ಟರಿ ರಕ್ತದಲ್ಲೇ ಬೆಳೆಯುತ್ತದೆ. ಹಾಗಾಗಿ ಡೈ ಕೊಟ್ಟ ಸುಮಾರು 35 ಸೆಕೆಂಡಿಗೆ ಗಡ್ಡೆ ಬೆಳ್ಳಗೆ ಎದ್ದು ಕಾಣುತ್ತದೆ. ಒಂದು ನಿಮಿಷ ದಾಟಿದರೆ ಸುತ್ತಲಿನ ಲಿವರ್ ಬೆಳ್ಳಗಾಗಿ, ಗಡ್ಡೆ ಕಪ್ಪಾಗುತ್ತದೆ. ಸಿರೋಸಿಸ್ (ಲಿವರ್ ಗಟ್ಟಿಯಾಗಿ ಗಂಟುಗಟ್ಟುವ ಕಾಯಿಲೆ) ಇರುವವರಲ್ಲಿ ಇವೆರಡೂ ಕಂಡರೆ ಎಷ್ಟೋ ಸಲ ಬಯಾಪ್ಸಿಯೇ ಬೇಕಾಗಲ್ಲ. ಉಸಿರಾಟಕ್ಕೆ ಲಿವರ್ ಅಲುಗಿ ಆ ಮೊದಲ ಆರ್ಟರಿ ಚಿತ್ರ ಕೆಟ್ಟಿತೋ, ಮತ್ತೆ ತೆಗೆಯೋಕಾಗಲ್ಲ.

ಗಡಿಯಾರ ನೋಡಿ ಸ್ಕ್ಯಾನ್ ಶುರು ಮಾಡೋದು ನನಗೆ ಇಷ್ಟವಿಲ್ಲ. ಹೃದಯ ದುರ್ಬಲ ಇದ್ದವರಲ್ಲಿ ಡೈ ತಡವಾಗಿ ತಲುಪುತ್ತದೆ. ಡೈ ಅಯೋರ್ಟಾಕ್ಕೆ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಬರೋದನ್ನ ಪರದೆಯಲ್ಲೇ ನೋಡುತ್ತಾ ಇದ್ದು, ಅದಕ್ಕೆ ತಕ್ಕಂತೆ ಉಸಿರು ಹಿಡಿಸುತ್ತೇನೆ. ಸರಿಯಾಗಿ ಬಿತ್ತಾ ಅನ್ನೋದಕ್ಕೆ ನನ್ನ ಲೆಕ್ಕ ಇಷ್ಟು: ಆರ್ಟರಿ ಫಳಫಳ ಅನ್ನಬೇಕು, ಪೋರ್ಟಲ್ ವೇನ್‌ನಲ್ಲಿ ಸ್ವಲ್ಪ ಡೈ ಇಣುಕಿರಬೇಕು, ಲಿವರ್‌ನಿಂದ ರಕ್ತ ಹೊರಗೆ ಒಯ್ಯುವ ಹೆಪಾಟಿಕ್ ವೇನ್‌ಗಳು ಇನ್ನೂ ಕಪ್ಪಗಿರಬೇಕು.

ಮೆಷಿನ್‌ನಲ್ಲಿ ರೆಕಾರ್ಡ್ ಆದ ಧ್ವನಿ ಇದೆ. ನಾನದನ್ನ ಬಳಸಲ್ಲ. "ಉಸಿರು ತಗೊಳ್ಳಿ, ಬಿಡಿ, ಹಾಗೇ ನಿಲ್ಲಿಸಿ" ಅಂತ ನಾನೇ ಮೈಕ್‌ನಲ್ಲಿ ಹೇಳುತ್ತೇನೆ. ಉಸಿರು ಬಿಟ್ಟು ಹಿಡಿದರೆ ಲಿವರ್ ಪ್ರತಿ ಸಲವೂ ಹೆಚ್ಚುಕಮ್ಮಿ ಒಂದೇ ಜಾಗಕ್ಕೆ ಬರುತ್ತದೆ. ಒಬ್ಬ ಅಜ್ಜಿ ಕೇಳಿದ್ದರು, "ಉಸಿರು ಬಿಟ್ಟು ನಿಲ್ಲಿಸು ಅಂತೀಯಲ್ಲಪ್ಪಾ, ಸತ್ತೋಗಲ್ವಾ?" ನಾನೂ ಜೊತೆಗೆ ಉಸಿರು ಹಿಡಿದು ತೋರಿಸಿದೆ. ಆಮೇಲೆ ಅವರು ನನಗಿಂತ ಜಾಸ್ತಿ ಹೊತ್ತು ಹಿಡಿದರು! ಆಗದವರಿಗೆ ಚಿತ್ರದ ಸೂಕ್ಷ್ಮತೆ ಸ್ವಲ್ಪ ಬಿಟ್ಟುಕೊಟ್ಟು ಸ್ಕ್ಯಾನ್ ಚಿಕ್ಕದು ಮಾಡುತ್ತೇನೆ.

ಪ್ರೈಮೋವಿಸ್ಟ್ ಅನ್ನೋ ಲಿವರ್‌ನ ವಿಶೇಷ ಡೈ ಆದರೆ ಇನ್ನೂ ಹುಷಾರು. 60 ಕೆಜಿಯವರಿಗೆ ಬರೀ 6 ಮಿಲಿ. ಮಾಮೂಲಿ ಗ್ಯಾಡೋಲಿನಿಯಂ ಡೈ ಸಾಮಾನ್ಯವಾಗಿ ಅದರ ಎರಡರಷ್ಟು ಇರುತ್ತದೆ. ಸೆಕೆಂಡಿಗೆ 1 ಮಿಲಿಯಂತೆ ನಿಧಾನ ಕೊಟ್ಟು, ಹಿಂದೆಯೇ ಸಲೈನ್ ತಳ್ಳುತ್ತೇನೆ. ಕೆಲವರಿಗೆ ಇದು ಹೋದ ತಕ್ಷಣ ಕ್ಷಣಕಾಲ ಉಸಿರಾಟದ ಲಯ ತಪ್ಪುತ್ತದೆ, ಅದೂ ಸರಿಯಾಗಿ ಆರ್ಟರಿ ಚಿತ್ರದ ಹೊತ್ತಿಗೆ. ಆದರೂ ಇದು ಬೇಕು, ಯಾಕೆಂದರೆ ಸುಮಾರು ಅರ್ಧ ಡೈಯನ್ನ ಲಿವರ್ ಜೀವಕೋಶಗಳೇ ಹೀರಿಕೊಳ್ಳುತ್ತವೆ. ಡೈ ಕೊಟ್ಟ 20 ನಿಮಿಷಕ್ಕೆ ತೆಗೆದ ಚಿತ್ರದಲ್ಲಿ ಬೆಳ್ಳಗಿನ ಲಿವರ್ ಮೇಲೆ, ಬೇರೆ ಕಡೆಯಿಂದ ಹರಡಿದ ಕ್ಯಾನ್ಸರ್‌ನ ಚಿಕ್ಕ ಚಿಕ್ಕ ಗಡ್ಡೆಗಳೂ ಕಪ್ಪು ಚುಕ್ಕೆಯಾಗಿ ಕಾಣುತ್ತವೆ. ನಡುವಿನ ಸಮಯದಲ್ಲಿ ಸುಮ್ನೆ ಕೂರಲ್ಲ, ಟಿ2 ಮತ್ತು ಡಿಫ್ಯೂಷನ್ ಅನ್ನೋ ಬೇರೆ ಬಗೆಯ ಚಿತ್ರಗಳನ್ನ ಮುಗಿಸಿಬಿಡುತ್ತೇನೆ. ಬಿಲಿರುಬಿನ್ (ಕಾಮಾಲೆಯಲ್ಲಿ ರಕ್ತದಲ್ಲಿ ಹೆಚ್ಚಾಗುವ ಅಂಶ) ತುಂಬಾ ಏರಿದ್ದರೆ ಲಿವರ್ ಡೈ ಹೀರೋದೇ ಕಡಿಮೆ. ಅಂಥವರಿಗೆ ಯಾವ ಡೈ ಅಂತ ರೇಡಿಯಾಲಜಿಸ್ಟ್‌ರನ್ನ ಮೊದಲೇ ಕೇಳಿಕೊಳ್ಳುತ್ತೇನೆ.

ಸಿರೋಸಿಸ್ ಲಿವರ್‌ನಲ್ಲಿ ಕೆಲವು ಗಂಟುಗಳು ಡೈ ಕೊಡುವ ಮೊದಲೇ ಬೆಳ್ಳಗಿರುತ್ತವೆ. ಆಗ ಡೈಯಿಂದ ಬೆಳ್ಳಗಾದದ್ದು ಎಷ್ಟು ಅಂತ ತಿಳಿಯಲು ನಂತರದ ಚಿತ್ರದಿಂದ ಮೊದಲಿನದನ್ನ ಕಳೆದು ನೋಡಬೇಕು. ಎರಡು ಸಲವೂ ಉಸಿರು ಒಂದೇ ಮಟ್ಟದಲ್ಲಿ ನಿಂತಿರದಿದ್ದರೆ ಲಿವರ್ ಅಂಚಿನಲ್ಲಿ ಸುಳ್ಳು ಬಿಳಿ ಗೆರೆ ಮೂಡುತ್ತದೆ. ಆ ಗೆರೆ ಕಂಡರೆ ಹಾಗೆ ಕಳೆದು ಬಂದ ಚಿತ್ರವನ್ನ ನಂಬಬೇಡಿ ಅಂತ ಶೀಟ್‌ನಲ್ಲೇ ಬರೆದು ಕಳಿಸುತ್ತೇನೆ.