ಪೊಮೇರಿಯನ್ ಮಂಡಿಚಿಪ್ಪು ಜಾರೋದಕ್ಕೆ ಪವರ್ ಸಾ ಇಲ್ದೆ ಆಪರೇಷನ್: ನನ್ನ ಅನುಭವ

ಪೊಮೇರಿಯನ್, ಪಗ್‌ಗಳ ಮಂಡಿಚಿಪ್ಪು ಒಳಗಡೆ ಜಾರೋ ಕೇಸ್ ಬಂದ್ರೆ ನಮ್ಮ ದಾವಣಗೆರೆ ಕಡೆ ಪಶುವೈದ್ಯರಲ್ಲಿ "ಬೆಂಗಳೂರಿಗೆ ಕಳ್ಸಿಬಿಡಿ" ಅನ್ನೋದೇ ರೂಢಿ. ಪವರ್ ಸಾ (ಮೂಳೆ ಕುಯ್ಯೋ ಮೋಟಾರ್ ಗರಗಸ) ಇಲ್ದೆ ಮೂರು ಕೆಜಿ ನಾಯಿಗೆ ಮೂಳೆ ಕೆಲ್ಸ ಮಾಡ್ತೀನಿ ಅಂದಾಗ ಸೀನಿಯರ್ ಒಬ್ರು ನಕ್ಕೇಬಿಟ್ರು. ಈಗ ಅವ್ರೇ ಕೇಸ್ ಕಳಿಸ್ತಾರೆ, ಅದಿರ್ಲಿ.

ಮೊದಮೊದಲು ಮಂಡಿಯ ಒಳಗಡೆ ಬಿಗಿಯಾಗಿರೋದನ್ನ ಕುಯ್ದು ಸಡಿಲ ಮಾಡಿ, ಹೊರಗಡೆ ಕ್ಯಾಪ್ಸೂಲ್ (ಕೀಲಿನ ಸುತ್ತಲಿನ ಪೊರೆ) ಬಿಗಿ ಮಾಡ್ತಿದ್ದೆ ಅಷ್ಟೇ, ಎರಡು ತಿಂಗಳಿಗೆ ನಾಯಿ ಮತ್ತೆ ಕಾಲೆತ್ಕೊಂಡು ಕುಪ್ಪಳಿಸ್ಕೊಂಡು ಬರೋದು. ಆಮೇಲೆ ವೆಡ್ಜ್ (ವಿ ಆಕಾರದ ಮೂಳೆ ತುಂಡು) ತೆಗೆದು ಗ್ರೂವ್, ಅಂದ್ರೆ ತೊಡೆಮೂಳೆ ತುದಿಯಲ್ಲಿ ಚಿಪ್ಪು ಓಡಾಡೋ ಕಾಲುವೆ, ಆಳ ಮಾಡಿದೆ, ಆದ್ರೆ ಗ್ರೂವ್‌ನ ಮೇಲ್ಭಾಗ ಆಳ ಸಾಲಲ್ಲ, ಕಾಲು ಚಾಚಿದಾಗ ಚಿಪ್ಪು ಅಲ್ಲೇ ಜಾರೋದು. "ಡಾಕ್ಟ್ರೇ, ದುಡ್ಡೂ ಹೋಯ್ತು, ಕಾಲೂ ಹಂಗೇ ಇದೆ" ಅಂದವ್ರಿಗೆ ಅರ್ಧ ದುಡ್ಡು ವಾಪಸ್ ಕೊಟ್ಟಿದ್ದೀನಿ.

ಚಿಪ್ಪು ಜಾರೋ ತೀವ್ರತೆಗೆ 1ರಿಂದ 4ರ ತನಕ ಗ್ರೇಡ್ ಕೊಡ್ತೀವಿ. ಈಗ ಗ್ರೇಡ್ 3, ಮತ್ತೆ ಕುಂಟೋ ಗ್ರೇಡ್ 2ಕ್ಕೆ ಬ್ಲಾಕ್ ರಿಸೆಶನ್ (ಗ್ರೂವ್‌ನ ಮೇಲ್ಪದರ ಚೌಕ ತುಂಡಾಗಿ ಎತ್ತಿ, ಕೆಳಗೆ ತೋಡಿ, ವಾಪಸ್ ಕೂರಿಸೋದು), ಜೊತೆಗೆ ಟಿಬಿಯಲ್ ಟ್ಯೂಬರಾಸಿಟಿ (ಮಂಡಿ ಕೆಳಗಿನ ಮೂಳೆಯ ಮುಂದಿನ ಉಬ್ಬು, ಚಿಪ್ಪಿನ ಪಟ್ಟಿ ಅಂಟಿರೋ ಜಾಗ) ಕುಯ್ದು ಹೊರಗಡೆ ಸರಿಸೋದು. ಟ್ಯೂಬರಾಸಿಟಿ ಒಳಗಡೆ ತಿರುಗಿದ್ರೆ ಗ್ರೂವ್ ಎಷ್ಟೇ ತೋಡಿದ್ರೂ ಕ್ವಾಡ್ರಿಸೆಪ್ಸ್ (ತೊಡೆಯ ಮುಂದಿನ ಸ್ನಾಯು) ಚಿಪ್ಪನ್ನ ಒಳಕ್ಕೇ ಎಳೀತದೆ, ಇದನ್ನ ಸರಿಸದೆ ಬಿಟ್ಟವ್ರಿಗೇ ಜಾರೋ ತೊಂದ್ರೆ ಜಾಸ್ತಿ ವಾಪಸ್ ಬರೋದು. ಆ ತುಂಡಿನ ಕೆಳತುದಿಯ ಪೆರಿಯೋಸ್ಟಿಯಂ (ಮೂಳೆ ಮೇಲಿನ ಪೊರೆ) ಬಿಡಿಸಬೇಡಿ, ತುಂಡು ತೀರಾ ತೆಳು ಆದ್ರೆ ಪಿನ್ ಹಾಕುವಾಗ ಸೀಳತ್ತೆ. 0.8 ಇಲ್ಲಾ 1 ಎಂಎಂ ಕೆ-ವೈರ್ (ಮೂಳೆ ಹಿಡಿದಿಡೋ ಸಣ್ಣ ಉಕ್ಕಿನ ಪಿನ್) ಎರಡು ಹಾಕ್ತೀನಿ, ಒಂದೇ ಆದ್ರೆ ತುಂಡು ತಿರುಗಬಹುದು. ಬ್ಲಾಕ್ ಬಿರುಕು ಬಿಡದಂಗೆ ಉಳಿ ಹಿಡಿಯೋ ಕೋನ ಮಾತ್ರ ಇಲ್ಲಿ ಬರೆಯಲ್ಲ, ಬಂದು ನೋಡಿ. ಗ್ರೇಡ್ 4ಕ್ಕೆ ನಾನು ಕೈ ಹಾಕಲ್ಲ, ಮೂಳೆನೇ ಸೊಟ್ಟ ಇರತ್ತೆ.

ಪವರ್ ಸಾಗೆ ಲಕ್ಷದ ಮೇಲೆ ಕೊಟೇಶನ್ ಬಂತು, ಸುಮ್ನಾದೆ. ಮಾಡೆಲ್ ಮಾಡೋರ ಸಣ್ಣ ಹಲ್ಲಿನ ಗರಗಸ ಕೆಲವು ನೂರು ರೂಪಾಯಿ, ಕೆ-ವೈರ್ ಮನುಷ್ಯರ ಆರ್ಥೋ ಅಂಗಡಿದು. ಕೈ ಕೂರ್ಲಿ ಅಂತ ಮಟನ್ ಅಂಗಡಿಯಿಂದ ಆಡಿನ ಮಂಡಿ ತಂದು ಕುಯ್ದಿದ್ದಕ್ಕೆ ಲೆಕ್ಕವಿಲ್ಲ. ಅನಸ್ತೇಷಿಯಾ, ಎಕ್ಸ್‌ರೇ ಸೇರಿ ಹದಿನೈದು-ಹದಿನೆಂಟು ಸಾವಿರ ತಗೋತೀನಿ.

ವಯಸ್ಸಾದ ನಾಯಿ ಆದ್ರೆ ಅನಸ್ತೇಷಿಯಾದಲ್ಲೇ ಡ್ರಾಯರ್ ಟೆಸ್ಟ್ (ಮಂಡಿ ಕೆಳಗಿನ ಮೂಳೆ ಮುಂದಕ್ಕೆ ಜಾರತ್ತಾ ಅಂತ ಕೈಯಲ್ಲಿ ನೋಡೋದು) ಮಾಡಿ, ಕ್ರೂಶಿಯೇಟ್ (ಮಂಡಿಯೊಳಗಿನ ಅಸ್ಥಿರಜ್ಜು) ಕೂಡ ಹರಿದಿರತ್ತೆ ಎಷ್ಟೋ ಸಲ. ಅದಕ್ಕೆ ಮೀನು ಹಿಡಿಯೋ ನೈಲಾನ್ ದಾರ ಸ್ಟೆರೈಲ್ ಮಾಡಿ ಫ್ಯಾಬೆಲ್ಲಾ (ಮಂಡಿ ಹಿಂದಿನ ಪುಟ್ಟ ಮೂಳೆ) ಸುತ್ತ ಹಾಕಿ ನೋಡಿದೆ, ದಾರ ಗಟ್ಟಿನೇ, ಗಂಟು ದಪ್ಪ ಆಗಿ ಚರ್ಮಕ್ಕೆ ಒತ್ತತ್ತೆ, ಗಂಟಿನ ಬದ್ಲು ಕ್ರಿಂಪ್ (ದಾರ ಒತ್ತಿ ಹಿಡಿಯೋ ಲೋಹದ ಸಣ್ಣ ಕೊಳವೆ) ವಾಸಿ.

ಆಪರೇಷನ್ ಆದ್ಮೇಲೆ ಆರು ವಾರ ಸೋಫಾ, ಮೆಟ್ಟಿಲು ಬಂದ್. ಎರಡೂ ಕಾಲಲ್ಲಿ ತೊಂದ್ರೆ ಇದ್ರೆ ಒಂದಾಗಿ ಆರೆಂಟು ವಾರ ಬಿಟ್ಟು ಇನ್ನೊಂದು, ಒಟ್ಟಿಗೇ ಮಾಡಿ ಡಿಸ್ಕೌಂಟ್ ಕೊಡಿ ಅನ್ನೋರಿಗೆ ಆಗಲ್ಲ ಅಂತೀನಿ.